ಹಾಲಿಗೆ ಮೂರು ಪರೀಕ್ಷೆ

ಬೆಂಗಳೂರಿನ ಹಾಲಿನ ಬೂತಿನಲ್ಲಿ ಕೊಬ್ಬಿನಂಶ ವಿಚಾರಿಸಿ ಹಾಲು ಕೊಳ್ಳುವವರು ಅಪರೂಪ. ‘ಎರಡು ಬ್ಲೂ, ಒಂದು ಆರೆಂಜ್’ ಎಂದರೆ ವ್ಯವಹಾರ ಮುಗಿಯಿತು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಕಿತ್ತಳೆ ಬಣ್ಣದ ಶುಭಂನಲ್ಲಿ ಶೇ 4.5, ಸಮೃದ್ಧಿಯಲ್ಲಿ ಶೇ 6. ಈಗ ಅದೇ ಬೀದಿಯ ಸೂಪರ್ ಮಾರ್ಕೆಟ್ಟಿಗೆ ಹೋದರೆ ಗಾಜಿನ ಬಾಟಲಿಯ ಎ2 ಹಾಲು, ಓಟ್ಸ್, ಬಾದಾಮಿ, ಸೋಯಾ ಹಾಲುಗಳೂ ಸಾಲಾಗಿ ನಿಂತಿರುತ್ತವೆ. ಆಯ್ಕೆ ಹೆಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನಾಲಿಗೆಗೆ ಬಿಡಬೇಕಾದ ವಿಷಯ ಈಗ ನಡತೆಯ ಪ್ರಮಾಣಪತ್ರವಾಗಿದೆ. ಎ2 ಕುಡಿಯುವವರಿಗೆ ಪರಂಪರೆಯ ಹೆಮ್ಮೆ, ಓಟ್ಸ್ ಹಾಲಿನವರಿಗೆ ಭೂಮಿ ಉಳಿಸಿದ ಹೆಮ್ಮೆ. ಪ್ಯಾಕೆಟ್ ಹಾಲಿನವರು ಮಾತ್ರ ಏನೋ ತಪ್ಪು ಮಾಡಿದವರಂತೆ ಸುಮ್ಮನಿರಬೇಕು. ಈ ಜಂಭಗಳನ್ನೆಲ್ಲ ಹೊಸಿಲ ಹೊರಗಿಟ್ಟು, ಹಾಲನ್ನು ಅಡುಗೆಮನೆಯಲ್ಲೇ ಪರೀಕ್ಷಿಸೋಣ: ಕಾಫಿಯಲ್ಲಿ, ಹೆಪ್ಪಿನಲ್ಲಿ, ಬರೀ ಲೋಟದಲ್ಲಿ.

ಮೊದಲು ಕಾಫಿ. ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ನಿನ ಕಹಿಯನ್ನು ಪಳಗಿಸುವುದು ಹಾಲಿನ ಪ್ರೋಟೀನು ಮತ್ತು ಕೊಬ್ಬು. ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಕಾಫಿ ಆಗುತ್ತದೆ, ಆದರೆ ಗುಟುಕು ಇಳಿದ ಮೇಲೆ ಬಾಯಲ್ಲಿ ಏನೂ ಉಳಿಯುವುದಿಲ್ಲ. ಎಮ್ಮೆ ಹಾಲಿನದು ಇದಕ್ಕೆ ತದ್ವಿರುದ್ಧ. ಅದರ ಜಿಡ್ಡಿನ ಮುಂದೆ ಡಿಕಾಕ್ಷನ್ನೇ ಸೋಲುತ್ತದೆ. ಶುಭಂ ಇವೆರಡರ ನಡುವೆ ಸರಿಯಾಗಿ ಕೂರುತ್ತದೆ. ಬಾದಾಮಿ ಹಾಲನ್ನು ಬಿಸಿ ಡಿಕಾಕ್ಷನ್ನಿಗೆ ಸುರಿದರೆ ಹುಳಿ ಮತ್ತು ಶಾಖ ಎರಡನ್ನೂ ತಾಳಲಾರದೆ ಎಷ್ಟೋ ಸಲ ಒಡೆದು, ಲೋಟದಲ್ಲಿ ಬಿಳಿ ಚೂರುಗಳು ತೇಲುತ್ತವೆ. ಓಟ್ಸ್ ಹಾಲು ಹೆಚ್ಚು ಜಾಣ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ 1990ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಕಿಣ್ವಗಳು ಓಟ್ಸಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಸಕ್ಕರೆ ಹಾಕದಿದ್ದರೂ ಅದು ಸಿಹಿಯಾಗಿರುವುದು ಹಾಗಾಗಿಯೇ. ನೊರೆ ಬರಿಸುವ ಕ್ಯಾಪುಚಿನೊಗೆ ಅದು ಹೊಂದುತ್ತದೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ಮಾತ್ರ ಗಂಜಿಯ ವಾಸನೆ ಎದ್ದು ಬರುತ್ತದೆ.

ಎರಡನೆಯದು ಹೆಪ್ಪು. ಇಲ್ಲಿ ಎಮ್ಮೆಗೆ ಎದುರಾಳಿಯೇ ಇಲ್ಲ. ಕೊಬ್ಬೂ ಕೇಸೀನ್ ಎಂಬ ಪ್ರೋಟೀನೂ ಹಸುವಿನ ಹಾಲಿಗಿಂತ ಹೆಚ್ಚಿರುವುದರಿಂದ ಮೊಸರು ಚಮಚ ಊರಿದರೆ ನಿಲ್ಲುವಷ್ಟು ಗಟ್ಟಿ. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪಕ್ಕ ಕೂರುವ ಕೆನೆಮೊಸರನ್ನು ಟೋನ್ಡ್ ಹಾಲಿನಲ್ಲಿ ಮಾಡಲಾಗದು. ಹೋಮೋಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಕಣಗಳು ನುಣ್ಣಗೆ ಒಡೆದಿರುವುದರಿಂದ ಕೆನೆ ಮೇಲೇಳುವುದೇ ಇಲ್ಲ; ಕೆನೆ ಕೂಡಿಟ್ಟು ಬೆಣ್ಣೆ ಕಡೆಯುವ ಮನೆಗೆ ಅದು ದಂಡ. ಸಸ್ಯದ ಹಾಲುಗಳಲ್ಲಿ ಕೇಸೀನೇ ಇಲ್ಲ. ಸೋಯಾ ಒಂದಿಷ್ಟು ಗಟ್ಟಿಯಾಗುತ್ತದೆ, ಓಟ್ಸ್ ಬರೀ ಹುಳಿಯಾಗುತ್ತದೆ.

ಮೂರನೆಯದು ಲೋಟ, ಅಂದರೆ ಪೋಷಣೆ ಮತ್ತು ಜೀರ್ಣ. ಎ2 ಹಾಲಿನ ಮಾರಾಟಗಾರರ ಗಂಟಲು ದೊಡ್ಡದಾಗುವುದು ಇಲ್ಲೇ. ಬೀಟಾ ಕೇಸೀನ್ ಪ್ರೋಟೀನಿನ ಸರಪಳಿಯಲ್ಲಿ 67ನೇ ಸ್ಥಾನದ ಒಂದು ಅಮೈನೋ ಆಮ್ಲ ಬೇರೆಯಾಗಿರುವುದೇ ಎ1, ಎ2 ನಡುವಿನ ವ್ಯತ್ಯಾಸ. ಎ1 ಹಾಲಿಗೂ ಮಧುಮೇಹ, ಹೃದ್ರೋಗಗಳಿಗೂ ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲೇ ಹೇಳಿತ್ತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟಿನಲ್ಲಿ ‘ಎ1, ಎ2 ಎಂಬ ಹೇಳಿಕೆಗಳನ್ನು ತೆಗೆಯಿರಿ’ ಎಂದು ಸೂಚಿಸಿ, ವಾರದೊಳಗೆ ಆ ಸೂಚನೆಯನ್ನೇ ಹಿಂದಕ್ಕೆ ಪಡೆಯಿತು. ಲ್ಯಾಕ್ಟೋಸ್ ಎರಡರಲ್ಲೂ ಇದೆ. ಅದು ಒಗ್ಗದವರಿಗೆ ಎ2ಗಿಂತ ಮಜ್ಜಿಗೆ ಮೇಲು. ಎಮ್ಮೆಯ ಹಾಲೂ ಎ2 ಬಗೆಯದೇ, ಆದರೆ ಅದನ್ನು ಯಾರೂ ಗಾಜಿನ ಬಾಟಲಿಗೆ ತುಂಬಿ ಸಂಸ್ಕೃತಿಯ ಹೆಸರಿನಲ್ಲಿ ಮಾರುವುದಿಲ್ಲ. ಮಲೆನಾಡು ಗಿಡ್ಡ, ಹಳ್ಳಿಕಾರ್‌ನಂಥ ತಳಿಗಳು ಉಳಿಯಬೇಕೆಂದು ಹೆಚ್ಚು ಬೆಲೆ ಕೊಡುವುದು ಒಳ್ಳೆಯ ಕಾರಣ. ಕಾಯಿಲೆಗೆ ಮದ್ದೆಂದು ಕೊಡುವುದು ದಂಡ. ಎ2 ಹಾಲನ್ನು ಕಾಯಿಸದೆ ಹಸಿಯಾಗಿ ಕುಡಿಯಿರಿ ಎನ್ನುವವರ ಮಾತಂತೂ ಅಪಾಯ. ಬ್ರುಸೆಲ್ಲಾ ಸೂಕ್ಷ್ಮಾಣು ತಳಿ ನೋಡಿ ಬರುವುದಿಲ್ಲ.

ಸಸ್ಯದ ಹಾಲುಗಳಲ್ಲಿ ಪ್ರೋಟೀನಿನ ಲೆಕ್ಕಕ್ಕೆ ಹಸುವಿನ ಹಾಲಿನ ಹತ್ತಿರ ಬರುವುದು ಸೋಯಾ, 100 ಮಿಲಿಗೆ ಸುಮಾರು 3 ಗ್ರಾಂ. ಅಂಗಡಿಯ ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಆಸುಪಾಸು. ಉಳಿದದ್ದು ಬಹುಪಾಲು ನೀರು. ಬೆಂಗಳೂರಿನ ಬೇಕರಿಯ ಕೇಸರಿ ಬಣ್ಣದ ಬಾದಾಮಿ ಹಾಲೇ ಎಷ್ಟೋ ಪುಷ್ಟಿ, ಆದರೆ ಅದರ ಪುಷ್ಟಿ ಬಂದದ್ದು ಹಸುವಿನಿಂದ! ಹಾಗೆಂದು ಸಸ್ಯದ ಹಾಲಿನವರನ್ನು ಗೇಲಿ ಮಾಡುವಂತಿಲ್ಲ. ಭೂಮಿಯ ಬಳಕೆ, ಹಸಿರುಮನೆ ಅನಿಲ ಎರಡರಲ್ಲೂ ಹೈನುಗಾರಿಕೆಗಿಂತ ಅವುಗಳ ಹೊರೆ ಕಡಿಮೆ. ಕರುವಿನ ಪಾಲು ಬೇಡ ಎಂದು ಬಿಟ್ಟವರ ಮಾತಿಗೂ ತೂಕವಿದೆ.

ಬೇಸರವೆಂದರೆ ಈ ಉದ್ಯಮ ಓಟ್ಸ್, ಬಾದಾಮಿಗಳಿಗೆ ಹಸುವಿನ ವೇಷ ಹಾಕಿಸಿ ರಂಗಕ್ಕೆ ತಂದಿರುವುದು. ನಮ್ಮಲ್ಲಿ ಸಸ್ಯದ ಹಾಲು ಮೊದಲಿನಿಂದಲೂ ತನ್ನ ವೇಷದಲ್ಲೇ ಇದೆ. ಕರಾವಳಿಯ ರಾಗಿ ಮಣ್ಣಿಗೆ ರುಬ್ಬಿ ಹಿಂಡಿದ ರಾಗಿ ಹಾಲೇ ಆಧಾರ. ಒತ್ತುಶಾವಿಗೆಗೆ ಕಾಯಿಹಾಲು ಮಾಡುವವರನ್ನು ನೋಡಿ. ತುರಿದ ಕಾಯಿ ರುಬ್ಬಿ ಹಿಂಡಿದ ಮೊದಲ ಗಟ್ಟಿ ಹಾಲನ್ನು ಬೇರೆ ತೆಗೆದಿಡುತ್ತಾರೆ. ಆಮೇಲಿನ ತೆಳು ಹಾಲಿನಲ್ಲಿ ಬೆಲ್ಲ ಕರಗಿಸಿ ಕುದಿಸುತ್ತಾರೆ. ಗಟ್ಟಿ ಹಾಲು ಕುದಿದರೆ ಒಡೆಯುತ್ತದೆಂದು ಗೊತ್ತಿರುವುದರಿಂದ ಅದನ್ನು ಕೊನೆಗೆ ಸುರಿದು, ಏಲಕ್ಕಿ ಹಾಕಿ, ತಕ್ಷಣ ಒಲೆಯಿಂದ ಇಳಿಸುತ್ತಾರೆ. ಆ ಹಾಲಿನಲ್ಲಿ ಕಾಫಿ ಮಾಡಲು, ಅದಕ್ಕೆ ಹೆಪ್ಪು ಹಾಕಲು ಯಾರೂ ಹೋಗುವುದಿಲ್ಲ. ತಾನು ಬಲ್ಲ ಕೆಲಸವನ್ನಷ್ಟೇ ಮಾಡುವುದರಿಂದ ಅದು ಸೋಲುವುದೂ ಇಲ್ಲ.

ಇನ್ನು ತೀರ್ಪು. ಕಾಫಿಗೆ ಶುಭಂ, ಮೊಸರಿಗೆ ಎಮ್ಮೆ ಹಾಲು, ಪಾಯಸಕ್ಕೆ ಕಾಯಿಹಾಲು. ಹಸುವಿನ ಹಾಲು ಒಗ್ಗದವರಿಗೂ ಒಲ್ಲದವರಿಗೂ ಸೋಯಾ. ಎ2ಗೆ ತಳಿಯ ಮೇಲಿನ ಪ್ರೀತಿಗೆಂದು ದುಡ್ಡು ಕೊಡಿ, ಆರೋಗ್ಯಕ್ಕೆಂದು ಬೇಡ. ಬಾದಾಮಿ ಹಾಲಿನ ಡಬ್ಬಕ್ಕೆ ಕೊಡುವ ದುಡ್ಡಿನಲ್ಲಿ ಬಾದಾಮಿಯನ್ನೇ ತಂದು ನೆನೆಸಿ ತಿನ್ನುವುದು ಲಾಭ. ಇದನ್ನು ಒಪ್ಪದವರು ತಮ್ಮ ನಾಲಿಗೆಯ ಮಾತು ಕೇಳಲಿ. ಜಾಹೀರಾತಿನ ಮಾತನ್ನು ನಾಲಿಗೆಯದೆಂದು ತಿಳಿಯದಿದ್ದರೆ ಸಾಕು.