ಸರಾಸರಿ ಮಳೆ, ಸರಾಸರಿ ಫ್ರೇಮು

"ಅಣ್ಣಾ, ಮೂಲ್ಯಾಗ ನೂರು ಅಂತ ತೋರಿಸ್ತೈತಿ. ಆದ್ರ ತಿರುಗಿದ ಕೂಡ್ಲೇ ತಟಕ್ ಅಂತ ನಿಂತು ಮುಂದ ಹೋಗ್ತೈತಿ. ಕಾರ್ಡ್ ಬದಲಿ ಮಾಡ್ಲೇನು?" ಇದು ರಾಯದುರ್ಗದ ಪ್ರಶ್ನೆ. ಮಡಕಶಿರಾದಿಂದ ಬಂದರೆ ಹೀಗಿರುತ್ತದೆ: "ಎಫ್‌ಪಿಎಸ್ ಚೆನ್ನಾಗೇ ಬರ್ತೈತೆ ಕಣಣ್ಣ, ಆದ್ರೂ ಸ್ಟಕ್ ಹೊಡೀತೈತೆ." ಒಂದೂರಿನ ಕನ್ನಡ ಬಳ್ಳಾರಿಯತ್ತ ವಾಲುತ್ತದೆ, ಇನ್ನೊಂದರದು ಶಿರಾದತ್ತ. 2022ರ ಏಪ್ರಿಲ್‌ನಲ್ಲಿ ಆಂಧ್ರದ ಅನಂತಪುರ ಜಿಲ್ಲೆ ಒಡೆದಾಗ ರಾಯದುರ್ಗ ಅಲ್ಲೇ ಉಳಿಯಿತು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೇಮಿಂಗ್ ಪಿಸಿಯ ದೂರು ಮಾತ್ರ ಎರಡೂ ಕಡೆ ಒಂದೇ.

ಸರಾಸರಿಯನ್ನು ನಂಬಬೇಡಿ ಎಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ ಎಂದು ಕಾಗದದ ಮೇಲೆ ಬರೆದಿರುತ್ತದೆ. ಕಡಲೆಕಾಯಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೂರು ವಾರ ಮೋಡ ಮುಖ ತಿರುಗಿಸಿದರೆ, ಆಮೇಲೆ ಒಂದೇ ರಾತ್ರಿ ಕೆರೆ ಕೋಡಿ ಬೀಳುವಷ್ಟು ಸುರಿದರೂ ಲೆಕ್ಕ ಸರಿಹೋಗುತ್ತದೆಯೇ ಹೊರತು ಬೆಳೆ ಬರುವುದಿಲ್ಲ. ಪರದೆಯ ಮೂಲೆಯಲ್ಲಿ ಸೆಕೆಂಡಿಗೆಷ್ಟು ಫ್ರೇಮು (ಚಿತ್ರ) ಎಂದು ತೋರಿಸುವ ಎಫ್‌ಪಿಎಸ್ ಕೂಡ ಅಂಥದೇ ವಾರ್ಷಿಕ ಸರಾಸರಿ. ಒಂದು ಸೆಕೆಂಡಿನಲ್ಲಿ ಮೂಡಿದ ನೂರು ಚಿತ್ರಗಳಲ್ಲಿ 99 ಚಿತ್ರ ತಲಾ 8 ಮಿಲಿಸೆಕೆಂಡಿಗೆ ಬಂದು, ಉಳಿದ ಒಂದೇ ಒಂದು 200 ಮಿಲಿಸೆಕೆಂಡ್ ತಿಂದರೆ ಒಟ್ಟು 992 ಮಿಲಿಸೆಕೆಂಡ್. ಮೂಲೆಯಲ್ಲಿ ನೂರು ಎಂದೇ ಬರುತ್ತದೆ. ಆದರೆ ಸೆಕೆಂಡಿನ ಐದನೇ ಒಂದು ಪಾಲು ಪರದೆ ಕಲ್ಲಾಗಿ ನಿಂತಿತ್ತಲ್ಲ, ಎದುರಾಳಿ ನಿಮ್ಮನ್ನು ಹೊಡೆದದ್ದು ಆ ಹೊತ್ತಿನಲ್ಲೇ.

ಈ ವಿಷಯವನ್ನು ವಿಮರ್ಶಕರ ತಲೆಗೆ ಹಾಕಿದವರು ದಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್. 2011ರ ಸೆಪ್ಟೆಂಬರಿನಲ್ಲಿ ಅವರು ಸೆಕೆಂಡಿಗೆಷ್ಟು ಫ್ರೇಮು ಎಂದು ಎಣಿಸುವುದನ್ನು ಬಿಟ್ಟು ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯತೊಡಗಿದರು. ಅಲ್ಲಿಯವರೆಗೆ ಸಮಬಲ ಎನ್ನಿಸಿಕೊಂಡಿದ್ದ ಗ್ರಾಫಿಕ್ಸ್ ಕಾರ್ಡುಗಳ ನಡುವಿನ ಅಂತರ ಆಗ ಕಣ್ಣಿಗೆ ಬಿತ್ತು. ಇವತ್ತು ಈ ಅಳತೆಗೆ ಪತ್ರಕರ್ತರಾಗಬೇಕಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಎರಡೂ ಬಿಟ್ಟಿ. ಎಫ್‌ಪಿಎಸ್ ಬದಲು ಫ್ರೇಮ್‌ಟೈಮ್ ಗ್ರಾಫ್ ಹಾಕಿಕೊಳ್ಳಿ. ಸೆಕೆಂಡಿಗೆ 60 ಬರುವ ಆಟದಲ್ಲಿ ಗೆರೆ 16.7 ಮಿಲಿಸೆಕೆಂಡಿನ ಹತ್ತಿರ, 144 ಬರುವಲ್ಲಿ 6.9ರ ಹತ್ತಿರ ಮಟ್ಟಸವಾಗಿ ಹರಿಯಬೇಕು. ಎಲ್ಲಿ ಮುಳ್ಳು ಏಳುತ್ತದೋ ಅಲ್ಲಿ ರೋಗವಿದೆ. ಅಂದಹಾಗೆ ಇವೆರಡನ್ನೂ ಬರೆದವನು ಅಲೆಕ್ಸೆ ನಿಕೊಲೈಚುಕ್ ಎಂಬ ಒಬ್ಬನೇ ರಷ್ಯನ್. ಉಕ್ರೇನ್ ಯುದ್ಧ ಶುರುವಾದ ಮೇಲೆ ತನಗೆ ಬರಬೇಕಾದ ಹಣ ನಿಂತುಹೋಗಿದೆ ಎಂದು 2023ರ ಆರಂಭದಲ್ಲಿ ಅವನೇ ಹೇಳಿಕೊಂಡ. ಅದೇ ವರ್ಷ ಹೊಸ ಆವೃತ್ತಿಯನ್ನೂ ಬಿಡುಗಡೆ ಮಾಡಿದ. ಜಗತ್ತಿನ ಗೇಮರುಗಳ ಅರ್ಧ ರೋಗಪತ್ತೆ ಒಬ್ಬನ ಹಟದ ಮೇಲೆ ನಿಂತಿದೆ ಎಂದರೆ ಹೆಚ್ಚೇನೂ ಅಲ್ಲ.

ಗ್ರಾಫ್ ಹಾಕುವ ಮುಂಚೆ ಒಂದು ಅನುಮಾನ ಬಗೆಹರಿಯಬೇಕು. ವ್ಯಾಲೊರಂಟ್‌ನಲ್ಲೋ ಕೌಂಟರ್ ಸ್ಟ್ರೈಕ್ 2ರಲ್ಲೋ ನೀವು ಮೌಸ್ ತಿರುಗಿಸಿದಾಗ ಗೋಡೆ, ಬಾಗಿಲು ನಯವಾಗಿ ಸರಿಯುತ್ತಿದ್ದು, ಎದುರಿನವನು ಮಾತ್ರ ಇಲ್ಲಿದ್ದವನು ಅಲ್ಲಿ ಪ್ರತ್ಯಕ್ಷವಾಗುತ್ತಿದ್ದರೆ ಅದು ಇಂಟರ್‌ನೆಟ್‌ನ ತಕರಾರು. ಕ್ಯಾಬಿನೆಟ್ ಬಿಚ್ಚಿ ಪ್ರಯೋಜನವಿಲ್ಲ. ಗೋಡೆಯೂ ಬಾಗಿಲೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ಯಂತ್ರದ ತಂಟೆ. ಕೇಬಲ್ ಕಿತ್ತು, ನೆಟ್ ಬೇಡದ ಒಂದು ಆಟವನ್ನು ಹತ್ತು ನಿಮಿಷ ಆಡಿದರೆ ಗೊತ್ತಾಗುತ್ತದೆ.

ಯಂತ್ರದ ತಂಟೆ ಎಂದಾದರೆ ನಮ್ಮ ಕಡೆ ಮೊದಲು ನೋಡಬೇಕಾದ್ದು ಕಾವು. ಯೂಟ್ಯೂಬಿನಲ್ಲಿ ನೀವು ನೋಡುವ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಎಸಿ ಕೋಣೆಯವು. ಏಪ್ರಿಲ್-ಮೇನಲ್ಲಿ ಇಲ್ಲಿನ ಹಗಲು 40 ಡಿಗ್ರಿ ದಾಟುತ್ತದೆ. ತಗಡಿನ ಶೀಟು ಹೊದಿಸಿದ ಕೋಣೆಯ ಮಾತು ಕೇಳುವುದೇ ಬೇಡ. ಗಾಳಿ ಬೀಸುವ ಕೂಲರು ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಚಿಪ್ಪಿನ ಕಾವು ಕೋಣೆಯದಕ್ಕಿಂತ ಇಂತಿಷ್ಟೇ ಮೇಲಿರಲಿ ಎಂದು ತಡೆಹಿಡಿಯುವುದಷ್ಟೇ ಅದರ ಕೈಲಾಗುವ ಕೆಲಸ. ಆ ಅಂತರ 55 ಡಿಗ್ರಿ ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ 80ಕ್ಕೆ ನಿಂತ ಚಿಪ್ಪು 42 ಡಿಗ್ರಿಯ ಕೋಣೆಯಲ್ಲಿ 97ಕ್ಕೆ ಹೋಗಬೇಕು. ಆದರೆ ಊರೂರಲ್ಲಿ ಮಾರಾಟವಾಗಿರುವ ರೈಜನ್ 5 5600ಜಿ ಚಿಪ್ಪಿಗೆ 95 ಡಿಗ್ರಿಯೇ ಗಡಿ. ಇಂಟೆಲ್‌ನ ಐ5-12400ಎಫ್‌ಗೆ 100. ಗಡಿ ಮುಟ್ಟಿದ ಚಿಪ್ಪು ತಾನೇ ವೇಗ ತಗ್ಗಿಸುತ್ತದೆ, ತುಸು ತಣಿದೊಡನೆ ಮತ್ತೆ ಏರಿಸುತ್ತದೆ, ಮತ್ತೆ ತಗ್ಗಿಸುತ್ತದೆ. ಗ್ರಾಫಿನಲ್ಲಿ ಇದು ಗರಗಸದ ಹಲ್ಲಿನಂತೆ ಕಾಣುತ್ತದೆ. ಬೆಳಗ್ಗೆ ಚೆನ್ನಾಗಿ ಆಡಿ ಮಧ್ಯಾಹ್ನ ಮುಗ್ಗರಿಸುವ ಪಿಸಿ, ಆಟ ಶುರುವಾಗಿ ಇಪ್ಪತ್ತು ನಿಮಿಷದ ಮೇಲೆ ಕೆಡುವ ಪಿಸಿ, ಇವೆರಡಕ್ಕೂ ಸಾಮಾನ್ಯವಾಗಿ ಬೇರೆ ಕಾರಣ ಹುಡುಕಬೇಕಿಲ್ಲ.

ಇದರ ಮೇಲೆ ರಾಯದುರ್ಗಕ್ಕೆ ತನ್ನದೇ ಒಂದು ಕೊಡುಗೆಯಿದೆ. ಬಳ್ಳಾರಿಯಂತೆ ಅದೂ ಜೀನ್ಸ್ ಹೊಲಿಯುವ ಊರು. ಮಷೀನು ಓಡುವ ಮನೆಯಲ್ಲೇ ಪಿಸಿಯೂ ಇದ್ದರೆ ಬಟ್ಟೆಯ ನೂಲಿನ ಧೂಳು ಒಳಗೆ ಸೇರದೆ ಇರುವುದಿಲ್ಲ. ಹಗರಿ ದಂಡೆಯ ಬೊಮ್ಮನಹಾಳ ಸೀಮೆಯಲ್ಲಿ, ದರ್ಗಾ ಹೊನ್ನೂರಿನ ಸುತ್ತ, ಮರಳು ದಿಬ್ಬಗಳೇ ಇವೆ. ಆ ಕಡೆಯ ಗಾಳಿ ತರುವ ಮಣ್ಣುಧೂಳು ಉದುರಿಬಿಡುತ್ತದೆ, ಊದಿದರೆ ಹಾರಿಹೋಗುತ್ತದೆ. ನೂಲಿನ ಧೂಳು ಹಾಗಲ್ಲ. ಅದು ಕೂಲರಿನ ಫ್ಯಾನು ಮತ್ತು ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಒಂದರ ಮೇಲೊಂದು ಕೂತು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಫ್ಯಾನು ಹೊಸದರಂತೆ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಆಚೆ ದಾಟುವುದಿಲ್ಲ. ಫ್ಯಾನಿನ ಕಡೆಯಿಂದ ಬ್ಲೋವರ್ ಹಿಡಿದರೆ ಆ ತುಂಡು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಫ್ಯಾನು ಬಿಚ್ಚಿ ಹಿಂಬದಿಯಿಂದ ಊದಬೇಕು. ಬಿಚ್ಚದೆ ಊದುವುದಾದರೆ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅತಿವೇಗಕ್ಕೆ ಬೇರಿಂಗ್ ಹೋಗುತ್ತದೆ. ಕೂಲರನ್ನೇ ಎತ್ತಿದರೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚದೆ ಕೂರಿಸಬಾರದು. ಮುಂಭಾಗಕ್ಕೆ ಗಾಜು ಬಡಿದು ಒಳಗೆ ಬಣ್ಣದ ದೀಪ ಹಾಕಿದ ಕ್ಯಾಬಿನೆಟ್ಟನ್ನು ನಮ್ಮ ಊರುಗಳಿಗೆ ಯಾರು ಶಿಫಾರಸು ಮಾಡಿದರೋ, ಅವರನ್ನು ಮೇ ತಿಂಗಳಲ್ಲಿ ಒಂದು ವಾರ ಅದರ ಪಕ್ಕ ಕೂರಿಸಬೇಕು. ಜಾಲರಿ ಮುಖದ ಸಾದಾ ಡಬ್ಬವೇ ಇಲ್ಲಿಗೆ ಸರಿ.

ಬೇಸಿಗೆಗೆ ಇನ್ನೊಂದು ಮದ್ದಿದೆ, ದುಡ್ಡೂ ಬೇಡ. ರಿವಾಟ್ಯೂನರಿನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಬಿಡಿ. 110ಕ್ಕೂ 45ಕ್ಕೂ ನಡುವೆ ಜೀಕುವ ಆಟಕ್ಕಿಂತ 60ರಲ್ಲಿ ಅಲುಗದೆ ನಿಂತ ಆಟ ನೋಡಲೂ ಚೆಂದ, ಆಡಲೂ ಚೆಂದ, ಯಂತ್ರವೂ ಬೆವರುವುದಿಲ್ಲ. ದೊಡ್ಡ ನಂಬರಿನ ಮೋಹ ಇರುವವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

"ಕರೆಂಟ್ ಸರಿಯಿಲ್ಲಣ್ಣ, ವೋಲ್ಟೇಜ್ ಇಳಿದು ಸ್ಟಕ್ ಆಗ್ತೈತೆ" ಎನ್ನುವವರೂ ಇದ್ದಾರೆ. ಡೆಸ್ಕ್‌ಟಾಪಿನ ಮಟ್ಟಿಗೆ ಇದು ಬಹುತೇಕ ತಪ್ಪು ಗುಮಾನಿ. ಒಳ್ಳೆಯ ಎಸ್‌ಎಂಪಿಎಸ್ 100ರಿಂದ 240 ವೋಲ್ಟಿನವರೆಗೆ ತಡೆದುಕೊಳ್ಳುತ್ತದೆ. ತಡೆಯಲಾರದ ಸಾಧಾರಣದ್ದು ಪಿಸಿಯನ್ನು ಮುಗ್ಗರಿಸುವುದಿಲ್ಲ, ಸೀದಾ ಆಫ್ ಮಾಡುತ್ತದೆ ಅಥವಾ ರೀಸ್ಟಾರ್ಟ್ ಮಾಡುತ್ತದೆ. ಲ್ಯಾಪ್‌ಟಾಪಿನ ಕತೆ ಬೇರೆ. ಕರೆಂಟು ಹೋಗಿ ಇನ್ವರ್ಟರು ಹಿಡಿದುಕೊಳ್ಳುವ ಆ ಕ್ಷಣದಲ್ಲಿ ಅದು ಬ್ಯಾಟರಿಗೆ ಹಾರಿ ಗ್ರಾಫಿಕ್ಸಿನ ಶಕ್ತಿ ಕುಗ್ಗಿಸುತ್ತದೆ, ಮತ್ತೆ ಹಿಂದಿರುಗುತ್ತದೆ. ಆ ತಟಕ್ಕು ಅಲ್ಲಿಂದ ಬಂದದ್ದು. ಮೂಲ ಚಾರ್ಜರ್ ಸುಟ್ಟಿತೆಂದು ಕಡಿಮೆ ವ್ಯಾಟಿನ ಚಾರ್ಜರ್ ಹಾಕಿಕೊಂಡವರಿಗೂ ಇದೇ ಗತಿ.

ಪಿಸಿ ಜೋಡಿಸಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಂದವರ ಡಬ್ಬದಲ್ಲಿ ನಾನು ಮೊದಲು ನೋಡುವುದು ರ‍್ಯಾಮ್. "ಈಗ ಒಂದು ಹಾಕ್ಸಿ, ಇನ್ನೊಂದು ಸ್ಲಾಟ್ ಮುಂದಕ್ಕೆ ಇರ್ಲಿ" ಎಂಬ ಅಂಗಡಿಯ ಉಪದೇಶ ಕೇಳಿ 16 ಜಿಬಿಯ ಒಂಟಿ ಕಡ್ಡಿ ತಂದಿರುತ್ತಾರೆ. 8 ಜಿಬಿಯ ಎರಡು ಹಾಕಿದ್ದರೆ ಚಿಪ್ಪಿಗೂ ನೆನಪಿಗೂ ನಡುವೆ ಎರಡು ದಾರಿ ತೆರೆಯುತ್ತಿತ್ತು. ಪ್ರತ್ಯೇಕ ಕಾರ್ಡಿಲ್ಲದೆ 5600ಜಿಯ ಒಳಗಿನ ಗ್ರಾಫಿಕ್ಸಿನಲ್ಲೇ ಆಡುವವರಿಗೆ ಈ ಒಂಟಿ ಕಡ್ಡಿ ದೊಡ್ಡ ದಂಡ, ಯಾಕೆಂದರೆ ಅದಕ್ಕೆ ಬೇರೆ ನೆನಪೇ ಇಲ್ಲ. 3200 ಎಂದು ಬರೆದ ಕಡ್ಡಿಗಳಲ್ಲೂ ಎಷ್ಟೋ ಬಯೋಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡುವ ತನಕ 2133ರಲ್ಲೋ 2666ರಲ್ಲೋ ತೆವಳುತ್ತಿರುತ್ತವೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಇದು ಒಂದೇ ನೋಟಕ್ಕೆ ಸಿಗುತ್ತದೆ. ಮಾನಿಟರ್ ಕೇಬಲನ್ನು ಕಾರ್ಡಿಗೆ ಬಿಟ್ಟು ಮದರ್‌ಬೋರ್ಡಿಗೆ ಸಿಕ್ಕಿಸಿಕೊಂಡವರು, 144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸಿನಲ್ಲಿ 60ರಲ್ಲೇ ಬಿಟ್ಟವರು ಎಲ್ಲ ಊರಲ್ಲೂ ಸಿಗುತ್ತಾರೆ.

ಕಾರ್ಡನ್ನೇ ದೂರಬೇಕಾದ ಸಂದರ್ಭವೂ ಇದೆ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ 4 ಜಿಬಿ ನೆನಪು ಮತ್ತು ಬೋರ್ಡಿನ ಜೊತೆ ಮಾತಾಡಲು ಪಿಸಿಐಇ ದಾರಿಯ ನಾಲ್ಕೇ ಲೇನು. ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಮೂರನೇ ತಲೆಮಾರಿನದಕ್ಕೆ ಹಾಕಿದರೆ ಆ ದಾರಿಯೂ ಅರ್ಧವಾಗುತ್ತದೆ. 4 ಜಿಬಿ ತುಂಬಿದ ಕೂಡಲೇ ಕಾರ್ಡು ಮುಖ್ಯ ರ‍್ಯಾಮಿಗೆ ಕೈಚಾಚಬೇಕು, ಆ ಸಣ್ಣ ದಾರಿಯಲ್ಲೇ ಓಡಾಡಬೇಕು. 5600ಜಿ ಚಿಪ್ಪು ಮೂರನೇ ತಲೆಮಾರಿಗೇ ಸೀಮಿತ ಎಂಬುದು ಆ ಜೋಡಿ ಮಾಡಿಕೊಂಡ ಮೇಲೆ ಎಷ್ಟೋ ಜನರಿಗೆ ತಿಳಿದದ್ದು. ಇದಕ್ಕೆ ಉಪಾಯ ಒಂದೇ: ಟೆಕ್ಸ್ಚರ್ ಗುಣಮಟ್ಟ ಇಳಿಸಿ ಕಾರ್ಡಿನ ನೆನಪು ತುಂಬದಂತೆ ನೋಡಿಕೊಳ್ಳುವುದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆಟ ಇಟ್ಟುಕೊಂಡವರಿಗೂ ಒಂದು ಮಾತು: 2023ರ ಬಾಲ್ಡರ್ಸ್ ಗೇಟ್ 3, ಸ್ಟಾರ್‌ಫೀಲ್ಡ್ ಎರಡೂ ಎಸ್‌ಎಸ್‌ಡಿ ಇರಲೇಬೇಕು ಎಂದು ಷರತ್ತು ಹಾಕಿದವು.

ಕೆಲವು ಸಲ ತಪ್ಪು ಯಾರದೂ ಅಲ್ಲವೆನ್ನುವಂತೆ ಅಡಗಿರುತ್ತದೆ. ವಿಂಡೋಸ್ 11 ಟಿಪಿಎಂ ಎಂಬ ಭದ್ರತಾ ಸೌಲಭ್ಯ ಬೇಕೇ ಬೇಕು ಎಂದ ಮೇಲೆ ರೈಜನ್ ಪಿಸಿಗಳಲ್ಲಿ ಅದನ್ನು ಆನ್ ಮಾಡಿದವರಿಗೆ ಆಗಾಗ ಆಟವೂ ಧ್ವನಿಯೂ ಒಟ್ಟಿಗೆ ಗಕ್ಕನೆ ನಿಲ್ಲತೊಡಗಿತು. 2022ರ ಮಾರ್ಚಿನಲ್ಲಿ ರೈಜನ್ ತಯಾರಿಸುವ ಎಎಂಡಿ ಕಂಪನಿಯೇ ಅದನ್ನು ಒಪ್ಪಿಕೊಂಡು, ಮೇ ತಿಂಗಳಿಂದ ಹೊಸ ಬಯೋಸ್ ಬರುತ್ತದೆ ಎಂದಿತು. ಆ ಬಯೋಸನ್ನು ಇವತ್ತಿಗೂ ಹಾಕಿಕೊಳ್ಳದ ಬೋರ್ಡುಗಳಿವೆ. ಹಾಕುವಾಗ ಮಾತ್ರ ಯುಪಿಎಸ್ ಇರಲಿ. ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತೀತು. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಕಳ್ಳಪ್ರತಿಯ ಆಟವಾಗಿದ್ದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಅಂಥವುಗಳ ಜೊತೆ ನಾಣ್ಯ ಗಣಿಗಾರಿಕೆಯ ತಂತ್ರಾಂಶ ಬಂದು ಕೂತು ನಿಮ್ಮ ಕಾರ್ಡನ್ನು ಇನ್ನಾರದೋ ಸಂಪಾದನೆಗೆ ದುಡಿಸುವುದುಂಟು. ಅವುಗಳಲ್ಲಿ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾಗಿಬಿಡುವಷ್ಟು ಚಾಲಾಕಿ. ಯಾವ ಆಟವೂ ಓಡದಿದ್ದಾಗ ಕಾರ್ಡಿನ ಫ್ಯಾನು ಭೋರ್ಗರೆಯುತ್ತಿದ್ದರೆ ಕಿವಿಗೆ ಸಿಕ್ಕ ಸಾಕ್ಷ್ಯವೇ ಸಾಕು.

ಇಷ್ಟೆಲ್ಲ ಆದಮೇಲೂ, ತಣ್ಣಗಿರುವ, ಶುಚಿಯಾದ, ಜೋಡಿ ರ‍್ಯಾಮಿನ ಪಿಸಿ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಒಮ್ಮೆ ತಡವರಿಸಿ, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ನಯವಾಗಿ ನಡೆದರೆ ತಪ್ಪು ಆಟ ಬರೆದವರದು. ಬೆಳಕು, ನೆರಳು, ಹೊಗೆ ಎಲ್ಲಕ್ಕೂ ಶೇಡರ್ ಎಂಬ ಪುಟ್ಟ ಪ್ರೋಗ್ರಾಮುಗಳಿರುತ್ತವೆ. ಪ್ಲೇಸ್ಟೇಷನ್ನಿನಲ್ಲಿ ಎಲ್ಲರ ಯಂತ್ರವೂ ಒಂದೇ, ಆದ್ದರಿಂದ ಅವನ್ನು ಮೊದಲೇ ಸಿದ್ಧಮಾಡಿ ಕಳಿಸಬಹುದು. ಪಿಸಿಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರ್ಡು, ಒಂದೊಂದು ಡ್ರೈವರ್, ಅಲ್ಲಲ್ಲೇ ಸಿದ್ಧಮಾಡಬೇಕು. ಆಟ ನಡೆಯುತ್ತಿರುವಾಗ ಆ ಕೆಲಸಕ್ಕೆ ಕೂತರೆ ಪರದೆ ನಿಲ್ಲುತ್ತದೆ. 2022ರ ಫೆಬ್ರುವರಿಯಲ್ಲಿ ಎಲ್ಡನ್ ರಿಂಗ್ ಬಂದಾಗ ಬಲವಾದ ಕಾರ್ಡಿದ್ದವರೂ ಮುಗ್ಗರಿಸಿದ್ದರಲ್ಲಿ ಇದರ ಪಾಲೂ ಇತ್ತು. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರದಲ್ಲಿ ಅದೇ ಆಟ ಆ ದೃಷ್ಟಿಯಿಂದ ಮೇಲೆನಿಸಿತು, ಏಕೆಂದರೆ ಅದರ ತಂತ್ರಾಂಶದಲ್ಲೇ ವಾಲ್ವ್ ಈ ತೊಂದರೆಗೆ ಮದ್ದು ಹಾಕಿತ್ತು.

ಇತ್ತೀಚಿನ ಎಷ್ಟೋ ಆಟಗಳು ಮೊದಲ ಸಲ ತೆರೆದಾಗ ಶೇಡರ್ ಸಿದ್ಧವಾಗುತ್ತಿದೆ ಎಂಬ ಪಟ್ಟಿ ತೋರಿಸುತ್ತವೆ. ಅದನ್ನು ಎಸ್ಕೇಪ್ ಒತ್ತಿ ದಾಟಬೇಡಿ, ಹೋಗಿ ಊಟ ಮಾಡಿ ಬನ್ನಿ. ಎನ್‌ವಿಡಿಯ ಕಂಟ್ರೋಲ್ ಪ್ಯಾನೆಲಿನಲ್ಲಿ ಶೇಡರ್ ಕ್ಯಾಷ್ ಗಾತ್ರವನ್ನು 10 ಜಿಬಿಗೆ ಏರಿಸಿ. ಡಿಸ್ಕಿನಲ್ಲಿ ಜಾಗವಿದ್ದರೆ ಅದಕ್ಕಿಂತ ಹೆಚ್ಚಿಟ್ಟರೂ ನಡೆಯುತ್ತದೆ. ಹೊಸ ಡ್ರೈವರ್ ಹಾಕಿದರೆ ಸಿದ್ಧವಿದ್ದ ಶೇಡರುಗಳನ್ನು ಸಾಮಾನ್ಯವಾಗಿ ಮತ್ತೆ ಮೊದಲಿಂದ ಕಟ್ಟಬೇಕಾಗುತ್ತದೆ. ಹಾಗಾಗಿ ನಡೆಯುತ್ತಿರುವ ಆಟ ಮುಗಿಯುವ ತನಕ ಡ್ರೈವರ್ ತಂಟೆಗೆ ಹೋಗಬೇಡಿ, ಹೋದಿರೋ, ಮೊದಲ ಅರ್ಧ ಗಂಟೆಯ ಗ್ರಾಫನ್ನು ಲೆಕ್ಕಕ್ಕೆ ಹಿಡಿಯಬೇಡಿ.