ನಕ್ಷತ್ರವಿಜ್ಞಾನದ ಚರಿತ್ರೆ: ಕೆಲವು ಮರೆಯಾದ ಹೆಸರುಗಳು

ಶಾಸ್ತ್ರವೊಂದರ ಚರಿತ್ರೆಯನ್ನು ಬರೆಯುವವರು ಸಿದ್ಧಾಂತವನ್ನು ಮಂಡಿಸಿದವರನ್ನು ಮುಂದಿರಿಸಿ, ಸಾಮಗ್ರಿಯನ್ನು ಕೂಡಿಸಿದವರನ್ನು ಹಿಂದಕ್ಕೆ ಸರಿಸುವುದು ರೂಢಿ. ಈ ರೂಢಿ ಸತ್ಯವನ್ನು ಎಷ್ಟರಮಟ್ಟಿಗೆ ಮರೆಸಬಲ್ಲದೆಂಬುದಕ್ಕೆ ಅಮೆರಿಕದ ಹಾರ್ವರ್ಡ್ ವೇಧಶಾಲೆಯ ವೃತ್ತಾಂತ ತಕ್ಕ ನಿದರ್ಶನವಾಗಿದೆ.

1877ರಲ್ಲಿ ಅಲ್ಲಿನ ನಿರ್ದೇಶಕರಾದ ಎಡ್ವರ್ಡ್ ಪಿಕರಿಂಗ್ ನಕ್ಷತ್ರಗಳ ಛಾಯಾಫಲಕಗಳ ಪರಿಶೀಲನೆಗೆ ಸ್ತ್ರೀಯರನ್ನು ನೇಮಿಸಿದರು. ಗಂಟೆಗೆ 25–30 ಸೆಂಟುಗಳ ವೇತನ; ‘ಗಣಕರು’ ಎಂಬ ಹೆಸರು. ಆನಿ ಕ್ಯಾನನ್ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವರ್ಗೀಕರಿಸಿದರು. ಹೆನ್ರಿಯೆಟಾ ಲೆವಿಟ್ ಕಿರಿಯ ಮೆಗಲಾನಿಕ್ ಮೇಘದ 25 ತಾರೆಗಳನ್ನು ಅಭ್ಯಸಿಸಿ, ಕಾಂತಿ ಹೆಚ್ಚಿದಂತೆ ಅದರ ಏರಿಳಿತದ ಅವಧಿಯೂ ದೀರ್ಘವಾಗುವ ನಿಯಮವನ್ನು ಕಂಡರು. 1912ರ ಆ ಪ್ರಕಟಣೆಗೆ ಸಹಿ ಪಿಕರಿಂಗರದು. ಸಿದ್ಧಪಡಿಸಿದವರು ಲೆವಿಟ್ ಎಂದು ಆರಂಭದಲ್ಲಿ ಹೇಳಿದೆ, ಅಷ್ಟೆ. ಆಂಡ್ರೊಮಿಡಾದ ದೂರವನ್ನು ಹಬಲ್ ಅಳೆದದ್ದು ಈ ನಿಯಮದಿಂದಲೇ. ಲೆವಿಟ್‌ರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸುವ ವಿಚಾರವಾಗಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ 1925ರಲ್ಲಿ ಪತ್ರ ಬರೆದಾಗ ಆಕೆ ತೀರಿಕೊಂಡು ಮೂರು ವರ್ಷಗಳ ಮೇಲಾಗಿತ್ತು! ಚರಿತ್ರೆಕಾರರು ಇವರನ್ನು ಹೊಗಳದೆ ಬಿಟ್ಟಿಲ್ಲ. ಆದರೆ ಹೊಗಳಿಕೆಯೆಲ್ಲ ತಾಳ್ಮೆಗೆ, ಶ್ರದ್ಧೆಗೆ. ಫಲಕದ ಚುಕ್ಕೆಗಳಲ್ಲಿ ಪ್ರಕೃತಿಯ ನಿಯಮವೊಂದನ್ನು ಗುರುತಿಸುವುದು ಬರಿಯ ತಾಳ್ಮೆಯಿಂದ ಸಾಧ್ಯವೆ?

ಇದಕ್ಕಿಂತ ಸೂಕ್ಷ್ಮವಾದುದು ಸಿಸಿಲಿಯಾ ಪೇನ್ ಅವರ ಪ್ರಕರಣ. 1923ರಲ್ಲಿ ಇಂಗ್ಲೆಂಡಿನಿಂದ ಹಾರ್ವರ್ಡಿಗೆ ಬಂದ ಇವರು ಮೇಘನಾದ ಸಾಹಾ ಅವರ ಅಯಾನೀಕರಣ ಸಮೀಕರಣವನ್ನು ಅಲ್ಲಿನ ಫಲಕಗಳಿಗೆ ಅನ್ವಯಿಸಿದರು. (ಸಾಹಾ ಅವರ ಕೀರ್ತಿಯನ್ನು ಹಾಡುವ ನಮ್ಮವರು ಈ ಅನ್ವಯವನ್ನೂ ಸ್ಮರಿಸಬೇಕಾದುದು ನ್ಯಾಯ.) 1925ರ ಡಾಕ್ಟರೇಟ್ ಪ್ರಬಂಧದ ಗಣನೆಯಲ್ಲಿ ನಕ್ಷತ್ರಗಳಲ್ಲಿನ ಜಲಜನಕವು ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಅಧಿಕವೆಂದು ಬಂದಿತು. ಸೂರ್ಯನ ದ್ರವ್ಯವೂ ಭೂಮಿಯ ದ್ರವ್ಯವೂ ಹೆಚ್ಚುಕಡಿಮೆ ಒಂದೇ ಎಂಬುದು ಆಗಿನ ವಿದ್ವಾಂಸರ ಮತ. ಪ್ರಿನ್ಸ್‌ಟನ್ನಿನ ಹೆನ್ರಿ ನೋರಿಸ್ ರಸೆಲ್ ಈ ಫಲಿತಾಂಶ ಅಸಾಧ್ಯವೆಂದು ಬರೆದರು. ಪ್ರಬಂಧ ಅಚ್ಚಾದಾಗ, ಆ ಫಲಿತಾಂಶ ನಿಜವಾಗಿರಲಾರದೆಂಬ ಮಾತು ಅದರಲ್ಲಿ ಸೇರಿತ್ತು.

ಓದುಗನು ಇಲ್ಲಿ ನಿಲ್ಲಬೇಕು. ಕೋಷ್ಟಕ ಹೇಳುವುದೊಂದು, ವಾಕ್ಯ ಹೇಳುವುದು ಮತ್ತೊಂದು. ಕೋಷ್ಟಕದಲ್ಲಿರುವುದು ಪೇನರ ಬುದ್ಧಿ. ವಾಕ್ಯದಲ್ಲಿರುವುದು ಹಿರಿಯರ ಒಪ್ಪಿಗೆಯಿಲ್ಲದೆ ಮುಂದುವರಿಯಲಾರದ ವಿದ್ಯಾರ್ಥಿನಿಯ ಸ್ಥಿತಿ. ರಸೆಲ್ 1929ರಲ್ಲಿ ಬೇರೆ ದಾರಿಯಿಂದ ಅದೇ ನಿರ್ಣಯಕ್ಕೆ ಬಂದು ಪೇನರ ಕಾರ್ಯವನ್ನು ಉಲ್ಲೇಖಿಸಿದರು; ಆದರೂ ಕೀರ್ತಿ ಬಹುಕಾಲ ರಸೆಲ್‌ಗೇ ಸಂದಿತು. ಅವರನ್ನೇ ಖಳನನ್ನಾಗಿಸುವ ಬರಹಗಳು ಮಾತ್ರ ಒಪ್ಪತಕ್ಕವಲ್ಲ. ತನ್ನ ಮಾತನ್ನು ಒತ್ತಿ ಹೇಳದಿದ್ದುದು ತನ್ನದೇ ತಪ್ಪೆಂದು ಪೇನ್ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅದು ದೊಡ್ಡತನದ ಮಾತು, ಪೂರ್ಣ ಸತ್ಯವಲ್ಲ. ಅವರು ಹೇಳುತ್ತಿದ್ದ ಪಾಠಗಳು 1945ರವರೆಗೆ ವಿಶ್ವವಿದ್ಯಾಲಯದ ಪಾಠಸೂಚಿಯಲ್ಲಿಯೇ ಅಚ್ಚಾಗಲಿಲ್ಲ. ಪ್ರಾಧ್ಯಾಪಕ ಪದವಿ ದೊರೆತದ್ದು 1956ರಲ್ಲಿ, ಪ್ರಬಂಧ ಬರೆದು 31 ವರ್ಷಗಳಾದ ಮೇಲೆ.