ಗೋವಾಚಕ ಶಬ್ದಗಳಲ್ಲಿ ಕಾಲಭೇದ

ಅಮರಕೋಶದ ವೈಶ್ಯವರ್ಗದಲ್ಲಿ ಗೋವಾಚಕ ಶಬ್ದಗಳು ಅನೇಕವಾಗಿವೆ. ಪಾಠ ಹೇಳುವಾಗ ಇವನ್ನು ಹಸುವಿನ ಭೇದಗಳೆಂದು ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಇದು ಸರಿಯಲ್ಲವೆಂದು ತೋರುತ್ತದೆ. ಇವುಗಳಲ್ಲಿ ಬಹುಭಾಗವು ಒಂದೇ ಹಸುವಿನ ಅವಸ್ಥೆಗಳನ್ನು ಹೇಳತಕ್ಕವು.

‘ಉಪಸರ್ಯಾ’ ಎಂಬುದನ್ನು ತೆಗೆದುಕೊಳ್ಳೋಣ. ಗರ್ಭಗ್ರಹಣಕ್ಕೆ ಕಾಲವೊದಗಿದವಳೆಂಬ ಅರ್ಥದಲ್ಲಿಯೇ ಈ ರೂಪವು ಸಾಧುವೆಂದು ಪಾಣಿನಿಯು ಪ್ರತ್ಯೇಕ ಸೂತ್ರದಿಂದ ವಿಧಿಸಿದ್ದಾನೆ. ಅರ್ಥವು ಬೇರೆಯಾದರೆ ‘ಉಪಸಾರ್ಯಾ’ ಎಂದು ದೀರ್ಘ ಬರುವುದು. ಬೆದೆಗೆ ಬಂದ ಹಸುವೆಂದು ಕನ್ನಡದಲ್ಲಿ ಮಾತು ಸಿದ್ಧವಾಗಿಯೇ ಇದೆ. ಬೆದೆಯು ಸುಮಾರು 21 ದಿನಗಳಿಗೊಮ್ಮೆ ಮರಳುವುದು, ನಿಲ್ಲುವುದು ಒಂದು ದಿನಕ್ಕಿಂತ ಕಡಮೆ. ಇದಕ್ಕೆ ‘ಪ್ರಾಯಕ್ಕೆ ಬಂದ ಹಸು’ ಎಂದು ಅರ್ಥ ಹೇಳಿದರೆ ಸೂತ್ರಕಾರನು ಒಂದು ಹ್ರಸ್ವದಿಂದ ಕಾಪಾಡಿದ ಕಾಲವೇ ಬಿದ್ದುಹೋಗುತ್ತದೆ.

‘ಸಂಧಿನೀ’ ಎಂದರೆ ಹೋರಿ ಹಾರಿದ ಹಸು, ಗಬ್ಬದ ಹಸುವಲ್ಲ. ಗರ್ಭ ನಿಲ್ಲದಿದ್ದರೆ ಮೂರು ವಾರಕ್ಕೆ ಬೆದೆ ಪುನಃ ಕಾಣುವುದನ್ನು ದನ ಸಾಕಿದವರೆಲ್ಲ ಬಲ್ಲರು. ಪ್ರಥಮ ಗರ್ಭ ಧರಿಸಿದ ಕಡಸಿಗೆ ‘ಪ್ರಷ್ಠೌಹೀ’ ಎಂಬ ಬೇರೆ ಹೆಸರೇ ಉಂಟು.

ದೊಡ್ಡ ಪ್ರಮಾದವಿರುವುದು ವಶಾ, ವೇಹತ್, ಅವತೋಕಾ ಈ ಮೂರನ್ನೂ ‘ಗೊಡ್ಡು’ ಎಂಬ ಒಂದೇ ಮಾತಿನಿಂದ ಮುಗಿಸುವುದರಲ್ಲಿ. ವಶೆಯು ನಿಜವಾದ ಬಂಜೆ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ಬಹುಪಾಲು ಇಂಥವೇ. ಗರ್ಭದಲ್ಲಿ ಎರಡರ ರಕ್ತವೂ ಬೆರೆಯುವುದು ಇದಕ್ಕೆ ಕಾರಣ. ವೇಹತ್ತು ಗರ್ಭವನ್ನು ಕೆಡಿಸಿಕೊಳ್ಳುವವಳು. ಅವತೋಕೆಯು ಕಂದು ಹಾಕಿದವಳು. ಆಕೆಗೆ ಗರ್ಭಧಾರಣೆಯ ಶಕ್ತಿಯಿಲ್ಲವೆಂದು ಕೋಶವು ಎಲ್ಲಿಯೂ ಹೇಳಿಲ್ಲ. ನಮ್ಮ ಮನೆಯಲ್ಲಿಯೇ ಕಂದು ಹಾಕಿದ ಹಸುವೊಂದನ್ನು ಗೊಡ್ಡೆಂದು ಮಾರಿದ್ದುಂಟು. ಮರುವರ್ಷ ಅದು ಕೊಂಡವರ ಕೊಟ್ಟಿಗೆಯಲ್ಲಿ ಈದಿತು. ನಷ್ಟವಷ್ಟೇ ಆದರೆ ಸಹಿಸಬಹುದು. ಕಂದು ಹಾಕುವುದಕ್ಕೆ ಬ್ರುಸೆಲ್ಲೋಸಿಸ್ ಎಂಬ ಸೋಂಕುರೋಗವೂ ಒಂದು ಕಾರಣ. ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿದ ಮನುಷ್ಯನಿಗೂ ಅದು ತಗಲುವುದು. ಗೊಡ್ಡೆಂದು ಕರೆದಲ್ಲಿಗೆ ವಿಚಾರಣೆಯೇ ನಿಂತುಹೋಗುತ್ತದೆ. ರೋಗವು ಹಸುವಿನೊಡನೆ ಮತ್ತೊಂದು ಹಟ್ಟಿಗೆ ನಡೆಯುತ್ತದೆ. ಈ ಮೂರಕ್ಕೂ ಕನ್ನಡದ ಮಾತುಗಳನ್ನು ನಾವು ಕುಳಿತು ಕಟ್ಟುವುದಕ್ಕಿಂತ ಗೋವಳರನ್ನು ಕೇಳಿ ಬರೆದುಕೊಳ್ಳುವುದು ಲೇಸು.

ವರ್ಷವರ್ಷವೂ ಈಯುವ ‘ಸಮಾಂಸಮೀನಾ’ ಶಬ್ದಕ್ಕೂ ಪಾಣಿನಿಯ ಸೂತ್ರವಿದೆ. ಅರ್ಥದಲ್ಲಿ ಯಾರಿಗೂ ವಿವಾದವಿಲ್ಲ, ಆದರೆ ಲೆಕ್ಕವನ್ನು ನೋಡಿದವರು ವಿರಳ. ಗರ್ಭಾವಧಿ ಸುಮಾರು 280 ದಿನ. ವರ್ಷದಲ್ಲಿ ಉಳಿಯುವುದು 85. ಈದ ಬಳಿಕ ಗರ್ಭಕೋಶವು ಮೊದಲಿನ ಸ್ಥಿತಿಗೆ ಬರಲು 40 ದಿನಗಳಷ್ಟು ಬೇಕು. ಮಿಕ್ಕುದರಲ್ಲಿ ಬೆದೆಯು ಎರಡು ಸಲ ಬರುವುದು. ಎರಡನ್ನೂ ಗೋವಳನು ಕಾಣದೆ ಹೋದರೆ ಆ ವರ್ಷಕ್ಕೆ ಆ ಹಸುವಿಗೆ ಈ ಹೆಸರು ಸಲ್ಲದು.